ಎರಡನೆಯ ಪ್ರತಿ ಎಲ್ಲಿದೆ?

2025ರ ಸೆಪ್ಟೆಂಬರ್ 26ರ ರಾತ್ರಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸದ ನಡುವೆ ಹೊತ್ತಿಕೊಂಡ ಬೆಂಕಿಯನ್ನು ಪೂರ್ತಿ ಆರಿಸಲು ಇಪ್ಪತ್ತು ಗಂಟೆಗಳಿಗೂ ಹೆಚ್ಚು ಕಾಲ ಹಿಡಿಯಿತು. ಸರ್ಕಾರದ 709 ಗಣಕ ವ್ಯವಸ್ಥೆಗಳು ಸ್ಥಗಿತಗೊಂಡವು. ಅವುಗಳಲ್ಲಿ 96 ನೇರವಾಗಿ ಬೆಂಕಿಗೆ ಸಿಲುಕಿದವು. ಹೀಗೆ ಸುಟ್ಟವುಗಳಲ್ಲಿ ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇರಿಸುತ್ತಿದ್ದ ‘ಜಿ-ಡ್ರೈವ್’ ಎಂಬ ಸಾಮೂಹಿಕ ಉಗ್ರಾಣವೂ ಒಂದು. ಅದರಲ್ಲಿದ್ದ 858 ಟೆರಾಬೈಟ್ ಮಾಹಿತಿಗೆ ಬೇರೆಡೆ ಪ್ರತಿ ಇರಲಿಲ್ಲ. ಪ್ರಮಾಣ ತೀರಾ ದೊಡ್ಡದಾದ್ದರಿಂದ ಪ್ರತಿ ಇರಿಸಿರಲಿಲ್ಲವೆಂಬುದು ಅಧಿಕಾರಿಗಳು ಕೊಟ್ಟ ಸಮಜಾಯಿಷಿ.

ಈ ಸುದ್ದಿ ಓದಿದಾಗ ನನಗೆ ನೆನಪಾದದ್ದು ನಮ್ಮ ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳು. ಗೆದ್ದಲು, ಇಲಿ, ಸೋರುವ ಹೆಂಚು, ಕೆಂಪು ಬಟ್ಟೆಯ ಗಂಟುಗಳು. ಆ ಕೋಣೆಗಳ ಬಗ್ಗೆ ಒಳ್ಳೆಯ ಮಾತಾಡುವವರು ಕಡಿಮೆ. ಆದರೂ ಹಳೆಯ ಪದ್ಧತಿಯಲ್ಲಿ ಒಂದು ವಿವೇಕವಿತ್ತು. ನೋಂದಣಿ ಕಚೇರಿಯಲ್ಲಿ ಕ್ರಯಪತ್ರವನ್ನು ಪುಸ್ತಕಕ್ಕೆ ನಕಲು ಮಾಡಿಕೊಂಡು ಮೂಲಪತ್ರವನ್ನು ಪಕ್ಷಕಾರನಿಗೆ ಮರಳಿಸುತ್ತಿದ್ದರು. ಕಚೇರಿ ಸುಟ್ಟರೆ ಪತ್ರ ಮನೆಯಲ್ಲಿ ಉಳಿಯುತ್ತಿತ್ತು, ಮನೆ ಸುಟ್ಟರೆ ಕಚೇರಿಯಲ್ಲಿ ಉಳಿಯುತ್ತಿತ್ತು. ಗಣಕಯಂತ್ರ ಬಂದ ಮೇಲೆ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬುವುದು ಎಷ್ಟು ಸುಲಭವಾಯಿತೋ, ಒಂದೇ ಸಂಜೆಯಲ್ಲಿ ಕಳೆದುಕೊಳ್ಳುವುದೂ ಅಷ್ಟೇ ಸುಲಭವಾಯಿತು.

ವಿಮೆಯ ಅರ್ಥಶಾಸ್ತ್ರ ಓದಿದವರಿಗೆ ಪರಸ್ಪರ ತಳಕು ಹಾಕಿಕೊಂಡ ಅಪಾಯಗಳ ವಿಚಾರ ಗೊತ್ತಿರುತ್ತದೆ. ಒಂದೇ ಬೀದಿಯ ನೂರು ಮನೆಗಳಿಗೆ ನೆರೆ ವಿಮೆ ಕೊಡುವ ಕಂಪನಿ ನೂರು ಅಪಾಯಗಳನ್ನು ಹೊತ್ತಂತಲ್ಲ. ನೂರು ಪಟ್ಟು ದೊಡ್ಡದಾದ ಒಂದೇ ಅಪಾಯವನ್ನು ಹೊತ್ತಂತೆ. ಗಣಕದ ಪಕ್ಕದಲ್ಲೇ ಇಟ್ಟ ಎರಡನೆಯ ಪ್ರತಿಯೂ ಹಾಗೆಯೇ. ಯಂತ್ರ ಕೆಟ್ಟರೆ ಅದು ಕೈಹಿಡಿಯುತ್ತದೆ, ಬೆಂಕಿಗೂ ಕಳ್ಳನಿಗೂ ಎರಡೂ ಒಂದೇ. 2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್ ಸಂಸ್ಥೆಯ ದತ್ತಾಂಶ ಕೇಂದ್ರ ಸುಟ್ಟುಹೋದಾಗ ಕೆಲವು ಗ್ರಾಹಕರು ಈ ಪಾಠವನ್ನು ದುಬಾರಿ ಬೆಲೆಗೆ ಕಲಿತರು. ಅವರ ಪ್ರತಿಯೂ ಅದೇ ಆವರಣದಲ್ಲಿತ್ತು. ‘ಮೋಡ’ದಲ್ಲಿದೆ ಎಂದು ನಾವು ಹೇಳುವ ಮಾಹಿತಿ ವಾಸ್ತವದಲ್ಲಿ ಯಾವುದೋ ಊರಿನ ಯಾವುದೋ ಕಟ್ಟಡದಲ್ಲಿರುತ್ತದೆ, ಆ ಕಟ್ಟಡಕ್ಕೂ ವಿದ್ಯುತ್ ತಂತಿಗಳಿರುತ್ತವೆ.

ಕಬ್ಬಿಣದ ಬೀರು ಇದೆಯಲ್ಲ ಎಂದು ಅನೇಕರು ಕೇಳುತ್ತಾರೆ. ಬೀರು ಕಾಗದಕ್ಕೆ ಒಂದು ಮಟ್ಟಿಗೆ ಆಸರೆ, ಡಿಸ್ಕಿಗಲ್ಲ. ಅಗ್ನಿನಿರೋಧಕ ಕಪಾಟುಗಳಿಗೆ ಅಮೆರಿಕದಲ್ಲಿ ಬಳಸುವ ಮಾನದಂಡಗಳನ್ನೇ ನೋಡಿ: ಕಾಗದ ಇಡುವ ಕಪಾಟಿನೊಳಗೆ ಶಾಖ 177 ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಸಾಕು, ಫ್ಲಾಪಿಯಂಥ ಕಾಂತೀಯ ಮಾಧ್ಯಮ ಇಡುವ ಕಪಾಟಿನೊಳಗೆ ಅದು 52 ಡಿಗ್ರಿ ಮೀರುವಂತಿಲ್ಲ. ಕ್ರಯಪತ್ರ ಉಳಿದ ಬೀರುವಿನಲ್ಲೇ ಮಗಳ ಮದುವೆಯ ಚಿತ್ರಗಳಿದ್ದ ಡಿಸ್ಕು ಹಾಳಾಗಿರಬಹುದು.

ಈ ಕೊರತೆಯನ್ನು ತುಂಬಲೆಂದೇ ಬಂದವು ವಿಪತ್ತು ನಿರೋಧಕ ಹಾರ್ಡ್ ಡಿಸ್ಕ್‌ಗಳು. ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಐಓಸೇಫ್ ಇವುಗಳಲ್ಲಿ ಹೆಸರಾದದ್ದು. 843 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ ಅರ್ಧ ಗಂಟೆ, ಮೂರು ಮೀಟರ್ ಆಳದ ನೀರಿನಲ್ಲಿ 72 ಗಂಟೆ ಇದ್ದರೂ ಒಳಗಿನ ಮಾಹಿತಿ ಉಳಿಯುತ್ತದೆಂಬುದು ತಯಾರಕರ ಹೇಳಿಕೆ. ಇದರ ಹಿಂದಿರುವ ತತ್ತ್ವ ಸರಳವಾದುದು. ಜಿಪ್ಸಂನ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ನೀರೇ. ಅದು ಹರಳಿನೊಳಗೆ ರಾಸಾಯನಿಕವಾಗಿ ಬಂಧಿತವಾಗಿರುತ್ತದೆ. ಶಾಖ ತಗುಲಿದಾಗ ಆ ನೀರು ಬಿಡುಗಡೆಗೊಂಡು ಆವಿಯಾಗಿ ಹೊರಟುಹೋಗುತ್ತದೆ, ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ಇಂಥದೇ ಗುಣವುಳ್ಳ ಕವಚವನ್ನು ಡಿಸ್ಕಿನ ಸುತ್ತ ಕಟ್ಟುತ್ತಾರೆ. ಅದರೊಳಗೆ ನೀರು ನುಗ್ಗದಂತೆ ಇನ್ನೊಂದು ಹೊದಿಕೆ. ಮಡಕೆಯ ನೀರು ತಣ್ಣಗಿರುವುದೂ ನೀರು ಆವಿಯಾಗುವುದರಿಂದಲೇ ಅಲ್ಲವೇ?

ಹಾಗೆಂದು ಈ ಪೆಟ್ಟಿಗೆ ಕೊಂಡು ನಿಶ್ಚಿಂತರಾಗುವಂತಿಲ್ಲ. ಅರ್ಧ ಗಂಟೆಯ ಕವಚ ಡೇಜಾನ್‌ನಂಥ ಬೆಂಕಿಗೆ ಉತ್ತರವಲ್ಲ. ಒಳಗಿರುವ ಡಿಸ್ಕು ಎಲ್ಲ ಡಿಸ್ಕುಗಳಂತೆ ಸವೆದು ಒಂದು ದಿನ ಕೈಕೊಡುತ್ತದೆ. ಅದನ್ನು ಸದಾ ಗಣಕಕ್ಕೆ ಜೋಡಿಸಿಯೇ ಇಟ್ಟರೆ, ಸುಲಿಗೆಗಾಗಿ ಕಡತಗಳಿಗೆ ಬೀಗ ಹಾಕುವ ದುಷ್ಟ ತಂತ್ರಾಂಶ ಈ ಪ್ರತಿಗೂ ಬೀಗ ಹಾಕುತ್ತದೆ. ಬಲ್ಲವರು ಹೇಳುವ ಹಳೆಯ ಸೂತ್ರವೇ ಮೇಲು: ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಬೇರೆ ಊರಿನಲ್ಲಿ. ಮಧ್ಯಮ ವರ್ಗದ ಮನೆಗೆ ಇದು ಹೊರೆಯೇನಲ್ಲ. ಎರಡು ಸಾಮಾನ್ಯ ಡಿಸ್ಕುಗಳನ್ನು ಕೊಂಡು, ಒಂದನ್ನು ಶಿವಮೊಗ್ಗದ ತಮ್ಮನ ಮನೆಯಲ್ಲೋ ಮೈಸೂರಿನ ಬೀಗರ ಮನೆಯಲ್ಲೋ ಇರಿಸಿ, ಯುಗಾದಿಗೂ ದೀಪಾವಳಿಗೂ ಹೋದಾಗ ಅದಲುಬದಲು ಮಾಡಿಕೊಳ್ಳಬಹುದು. ಡಿಸ್ಕಿಗೆ ಗುಪ್ತಪದ ಹಾಕಿರಬೇಕು ಅಷ್ಟೆ, ಬೀಗರ ಮೇಲಿನ ಅಪನಂಬಿಕೆಯಿಂದಲ್ಲ! ಸರ್ಕಾರ ಕೊಟ್ಟ ಪ್ರಮಾಣಪತ್ರಗಳನ್ನು ಡಿಜಿಲಾಕರ್‌ನಿಂದಲೋ ಕಚೇರಿಯಿಂದಲೋ ಮತ್ತೆ ಪಡೆಯಬಹುದು. ತಂದೆಯ ಧ್ವನಿಮುದ್ರಿಕೆಯನ್ನು ಯಾವ ಕಚೇರಿಯೂ ಕೊಡಲಾರದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಪೂರ್ವಭಾಗದ ಸಿರಿವಂತ ಬಡಾವಣೆಗಳಲ್ಲೂ ಮನೆಯೊಳಗೆ ನೀರು ನಿಂತದ್ದನ್ನು ಮರೆತವರು ನೆಲಮಾಳಿಗೆಯಲ್ಲಿ ಗಣಕ ಇಟ್ಟುಕೊಳ್ಳಲಿ.

ನನಗೆ ಹೆಚ್ಚು ಚಿಂತೆಯಿರುವುದು ಮನೆಗಳ ಬಗ್ಗೆಯಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಕರ್ನಾಟಕ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅದು ದೇಶಕ್ಕೇ ಮಾದರಿಯಾದ ಕೆಲಸ, ಆ ಬಗ್ಗೆ ನನಗೆ ಹೆಮ್ಮೆಯಿದೆ. 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಅಭಿಲೇಖಾಲಯಗಳ ಹಳೆಯ ಹಾಳೆಗಳನ್ನೂ ಸ್ಕ್ಯಾನ್ ಮಾಡಿಸುತ್ತಿದೆ. 2012ರ ಜೂನ್ 21ರಂದು ಮುಂಬೈನ ಮಂತ್ರಾಲಯ ಹೊತ್ತಿ ಉರಿದು ಕಡತಗಳು ಬೂದಿಯಾದುದನ್ನು ಕಂಡವರು ಸ್ಕ್ಯಾನ್ ಬೇಡವೆನ್ನಲಾರರು. ಆದರೆ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ದಾಖಲೆ ಸುರಕ್ಷಿತವಾಯಿತೆಂದು ಭಾವಿಸುವುದು ಕೊರಿಯಾದವರು ಎಡವಿದ ಜಾಗದಲ್ಲೇ ಎಡವಿದಂತೆ. ತಂತ್ರಜ್ಞಾನದಲ್ಲಿ ಅವರು ನಮಗಿಂತ ಹಿಂದಿರಲಿಲ್ಲ.

ಕಂದಾಯ ಇಲಾಖೆಗೆ ಜಮಾಬಂದಿಯ ಪದ್ಧತಿ ಹೊಸದಲ್ಲ. ವರ್ಷಕ್ಕೊಮ್ಮೆ ಮೇಲಧಿಕಾರಿ ಬಂದು ಗ್ರಾಮಲೆಕ್ಕಿಗನ ಪುಸ್ತಕಗಳನ್ನು ತೆರೆದು ತಾಳೆ ನೋಡುತ್ತಿದ್ದರು. ‘ಲೆಕ್ಕ ಸರಿಯಿದೆ ಸ್ವಾಮಿ’ ಎಂಬ ಬಾಯಿಮಾತು ಅಲ್ಲಿ ನಡೆಯುತ್ತಿರಲಿಲ್ಲ. ದತ್ತಾಂಶಕ್ಕೂ ಅಂಥದೊಂದು ಜಮಾಬಂದಿ ಬೇಕು. ಪ್ರತಿವರ್ಷ, ಹೊರಗಿನ ಅಧಿಕಾರಿಯೊಬ್ಬರ ಸಮ್ಮುಖದಲ್ಲಿ, ಯಾವುದಾದರೊಂದು ತಾಲ್ಲೂಕಿನ ಹೆಸರನ್ನು ಚೀಟಿ ಎತ್ತಿ ಆರಿಸಬೇಕು. ಮೂಲವನ್ನು ಮುಟ್ಟದೆ, ದೂರದ ಪ್ರತಿಯೊಂದರಿಂದಲೇ ಆ ತಾಲ್ಲೂಕಿನ ಪಹಣಿಗಳನ್ನೆಲ್ಲ ಖಾಲಿ ಯಂತ್ರವೊಂದರಲ್ಲಿ ಮರುಸ್ಥಾಪಿಸಿ, ನೂರಿನ್ನೂರು ಸರ್ವೆ ನಂಬರುಗಳನ್ನು ಮೂಲದೊಡನೆ ತಾಳೆ ನೋಡಬೇಕು. ಎಷ್ಟು ಗಂಟೆ ಹಿಡಿಯಿತು, ಎಷ್ಟು ಪಹಣಿ ಹೊಂದಲಿಲ್ಲ ಎಂಬುದನ್ನು ಆಯಾ ತಾಲ್ಲೂಕು ಕಚೇರಿಯ ಸೂಚನಾಫಲಕದಲ್ಲಿ ರೈತರ ಕಣ್ಣಿಗೆ ಬೀಳುವಂತೆ ಅಂಟಿಸಬೇಕು.