ಸರಚೇನಾದ ಸಿಹಿ ದ್ರಾಕ್ಷಾಮದ್ಯ

ಇಟಲಿಯ ಕಲಾಬ್ರಿಯಾ ಪ್ರಾಂತ್ಯದಲ್ಲಿ, ಪೊಲ್ಲಿನೊ ಬೆಟ್ಟಸಾಲಿನ ಮಗ್ಗುಲಲ್ಲಿರುವ ಸಣ್ಣ ಊರು ಸರಚೇನಾ. ಇಲ್ಲಿಯ ‘ಮೊಸ್ಕಾತೊ’ ಎಂಬ ಬಿಳಿ ದ್ರಾಕ್ಷಾಮದ್ಯದ ತಯಾರಿಕೆಯ ಕ್ರಮ ಗಮನಾರ್ಹವಾದುದು.

ಪರಿಮಳವುಳ್ಳ ಮೊಸ್ಕಾತೆಲ್ಲೊ ತಳಿಯ ಗೊಂಚಲುಗಳನ್ನು ಮೊದಲೇ ಕೊಯ್ದು, ನೆರಳಿನಲ್ಲಿ ತೂಗುಹಾಕಿ ಬಾಡಿಸುತ್ತಾರೆ. ಗ್ವಾರ್ನಾಚ್ಚಾ, ಮಾಲ್ವಾಸಿಯಾ ತಳಿಗಳ ರಸವನ್ನು, ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸುವಂತೆ, ಸುಮಾರು 1/3 ಭಾಗ ಬತ್ತುವವರೆಗೆ ಕುದಿಸುತ್ತಾರೆ. ಪರಿಮಳದ ಹಣ್ಣನ್ನು ಮಾತ್ರ ಬೆಂಕಿಗೆ ಒಡ್ಡುವುದಿಲ್ಲ; ಕಾಯಿಸಿದರೆ ಸುವಾಸನೆ ಹಾರಿಹೋಗುತ್ತದೆ. ಬಾಡಿದ ಹಣ್ಣುಗಳನ್ನು ಆರಿಸಿ, ಕೈಯಿಂದ ಹಿಸುಕಿ, ಆರಿದ ರಸಕ್ಕೆ ಸೇರಿಸಿ ನಿಧಾನವಾಗಿ ಹುದುಗಲು ಬಿಡುತ್ತಾರೆ. ಸಕ್ಕರೆ ಅತಿಯಾಗಿರುವುದರಿಂದ ಹುದುಗು ಅದನ್ನೆಲ್ಲ ಮದ್ಯಸಾರವಾಗಿಸಲಾರದು, ಉಳಿದದ್ದೇ ಸಿಹಿ.

ಹಣ್ಣು ಆರಿಸುವುದಕ್ಕೇ ಆಳು ಹೆಚ್ಚು ಬೇಕು. ಮನೆಬಳಕೆಗಷ್ಟೇ ಉಳಿದು ಮರೆಯಾಗುತ್ತಿದ್ದ ಈ ಮದ್ಯ, ಸ್ಲೋ ಫುಡ್ ಸಂಸ್ಥೆಯ ಬೆಂಬಲ ದೊರೆತ ಮೇಲೆ, ಕೆಲವೇ ಬೆಳೆಗಾರರಿಂದ ಮತ್ತೆ ಮಾರಾಟಕ್ಕೆ ಬರುತ್ತಿದೆ.