ಚೌಳು ನೆಲವೂ ಮರಗಳ ಬಾಯಾರಿಕೆಯೂ

ವೃಕ್ಷಕ್ಕೆ ಸಂಸ್ಕೃತದಲ್ಲಿ 'ಪಾದಪ'ವೆಂದು ಹೆಸರು. ಪಾದದಿಂದ ಕುಡಿಯತಕ್ಕದ್ದು ಎಂಬುದು ಅದರ ಅರ್ಥ. ಬಾಯಾರಿದ ಪ್ರಾಣಿಯು ನೀರಿದ್ದೆಡೆಗೆ ನಡೆದುಹೋಗುವುದು. ಮರವಾದರೋ ನಿಂತಲ್ಲಿಯೇ ನಿಂತು ದೊರೆತುದನ್ನು ಕುಡಿಯಬೇಕು. ಆದಕಾರಣ, ಮಕ್ಕಳ ಮುಂದಿನ ಕಾಲಕ್ಕೆ ಆಸರೆಯಾಗಲೆಂದು ಹೊಲದ ಅಂಚಿನಲ್ಲಿ ಸಸಿ ನೆಡುವ ಗೃಹಸ್ಥನು, ಆ ಪಾದಕ್ಕೆ ಎಂತಹ ನೀರು ದೊರೆಯುವುದೆಂಬುದನ್ನು ಮೊದಲು ವಿಚಾರಿಸತಕ್ಕದ್ದು.

ನೀರು ಕಡಮೆಯಾದಾಗ ಮರವು ಸುಮ್ಮನಿರುವುದಿಲ್ಲ. ಎಲೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರಂಧ್ರಗಳುಂಟು. ಬರಗಾಲದಲ್ಲಿ ಅಬ್ಸಿಸಿಕ್ ಆಮ್ಲವೆಂಬ ದ್ರವ್ಯವು ಮರದೊಳಗೆ ಹೆಚ್ಚಿ, ಈ ರಂಧ್ರಗಳನ್ನು ಮುಚ್ಚಿಸುವುದು. ನೀರು ಉಳಿಯುವುದು ನಿಜ. ಆದರೆ ಆಹಾರವನ್ನು ಸಿದ್ಧಪಡಿಸಲು ಬೇಕಾದ ಇಂಗಾಲಾಮ್ಲವಾಯುವೂ ಅದೇ ಬಾಗಿಲಿನಿಂದಲೇ ಒಳಬರಬೇಕಷ್ಟೆ! ಹೀಗಾಗಿ ಬೆಳವಣಿಗೆಯು ಕುಂಠಿತವಾಗುವುದು. ತೇಗವು ಬೇಸಗೆಯಲ್ಲಿ ಎಲೆಗಳನ್ನೇ ಉದುರಿಸಿ ವೆಚ್ಚವನ್ನು ತಗ್ಗಿಸುವುದು. ಮಳೆ ಸೋತ ವರ್ಷದ ಲೆಕ್ಕವು ಅದರ ಕಾಂಡದಲ್ಲಿ ಕಿರಿದಾದ ಉಂಗುರವಾಗಿ ಬರೆದಿರುವುದು. ಜಾವಾದ್ವೀಪದ ತೇಗದ ಉಂಗುರಗಳನ್ನು ಎಣಿಸಿ ಬೆರ್ಲಾಗೆ ಎಂಬ ವಿದ್ವಾಂಸನು ೧೯೩೧ರಲ್ಲಿ ಶತಮಾನಗಳ ಲೆಕ್ಕವನ್ನು ಪ್ರಕಟಿಸಿದನು.

ಉಪ್ಪಿನ ಬಾಧೆಯು ಇದಕ್ಕಿಂತ ಕ್ರೂರವಾದುದು. ನೆಲದ ನೀರಿನಲ್ಲಿ ಲವಣವು ಹೆಚ್ಚಿದಷ್ಟೂ ಬೇರು ಅದನ್ನು ಎಳೆದುಕೊಳ್ಳುವುದು ಕಷ್ಟವಾಗುವುದು. ಎಂದರೆ ತೇವವಿದ್ದರೂ ಮರಕ್ಕೆ ಬಾಯಾರಿಕೆಯೇ. ಬಳಿಕ ಒಳಸೇರಿದ ಸೋಡಿಯಮ್ಮೂ ಕ್ಲೋರೈಡೂ ಎಲೆಗಳಲ್ಲಿ ಶೇಖರವಾಗಿ, ಎಲೆಯ ಅಂಚು ಸುಟ್ಟಂತೆ ಕಂದುವುದು. ನೆಲದಲ್ಲಿ ನೀರೂ ನಿಂತರೆ ಕೇಡು ಇಮ್ಮಡಿ: ಉಸಿರಾಡಲು ವಾಯುವಿಲ್ಲದ ಬೇರಿಗೆ ಉಪ್ಪನ್ನು ತಡೆಯುವ ಶಕ್ತಿಯೂ ಉಡುಗುವುದು.

ಇದು ದೂರದ ಮಾತಲ್ಲ. ತುಂಗಭದ್ರಾ ಜಲಾಶಯದ ನೀರು ೧೯೫೩ರಿಂದ ಕಾಲುವೆಗಳಲ್ಲಿ ಹರಿಯತೊಡಗಿ, ರಾಯಚೂರು, ಕೊಪ್ಪಳ, ಬಳ್ಳಾರಿಯ ಸೀಮೆಗೆ ಅನ್ನವನ್ನಿತ್ತಿತು. ಆದರೆ ಕರಿಯ ಎರೆಭೂಮಿಗೆ ಮಿತಿಮೀರಿ ನೀರು ಕಟ್ಟಿದೆಡೆಗಳಲ್ಲಿ ಅಂತರ್ಜಲವು ಮೇಲೇರಿತು. ಬಿಸಿಲು ನೀರನ್ನು ಹೀರಿ ಉಪ್ಪನ್ನು ಮಾತ್ರ ಬಿಟ್ಟಿತು. ಅಂತಹ ಬಿಳಿಯ ನೆಲದಲ್ಲಿ ತೇಗವನ್ನು ನೆಡುವುದು ದುಡ್ಡನ್ನು ನೀರಿಗೆ ಹಾಕಿದಂತೆ. ನೀರು ಬಸಿದುಹೋಗುವ ಸಿಹಿಮಣ್ಣೇ ಅದಕ್ಕೆ ಹಿತ.

ಹಾಗೆಂದು ನಿರಾಶರಾಗಬೇಕಾಗಿಲ್ಲ. ಕಡಲತೀರದ ಕಾಂಡ್ಲಮರವು ಉಪ್ಪನ್ನು ಬೇರಿನಲ್ಲಿಯೇ ಸೋಸಿ ಹೊರಗಿಡುವುದು. ಉಪ್ಪಟಿಯು ಎಲೆಗಳಿಂದ ಉಪ್ಪನ್ನು ಹೊರಸೂಸುವುದು. ಎಲೆಗಳು ಸಣ್ಣ ಹುರುಪೆಯಂತಾಗಿರುವ ಗಾಳಿಮರವು ಉಪ್ಪುಗಾಳಿಯ ಮರಳಿನಲ್ಲಿ ನೆಟ್ಟಗೆ ನಿಲ್ಲುವುದು. ಒಳನಾಡಿನ ಚೌಳು ಭೂಮಿಗಾದರೋ ಕರಿಜಾಲಿ, ಹೊಂಗೆಗಳು ತಕ್ಕವು. ಕರಿಜಾಲಿಯ ಮರವು ನೇಗಿಲಿಗೂ ಗಾಡಿಯ ಚಕ್ರಕ್ಕೂ ಪೂರ್ವದಿಂದ ಒದಗಿದುದೇ ಆಗಿದೆ.

ನೆಡುವ ಮುನ್ನ ಮಣ್ಣನ್ನೂ ಬಾವಿಯ ನೀರನ್ನೂ ಪರೀಕ್ಷೆ ಮಾಡಿಸತಕ್ಕದ್ದು. ಮಣ್ಣಿನ ವಿದ್ಯುದ್ವಾಹಕತೆಯು ಮೀಟರಿಗೆ ೪ ಡೆಸಿಸೀಮೆನ್ಸ್ ಮೀರಿದರೆ ಅದು ಲವಣಭೂಮಿ. ಅಲ್ಲಿ ಬಸಿಗಾಲುವೆ ತೋಡಿ, ಸಿಹಿನೀರಿನಿಂದ ಉಪ್ಪನ್ನು ತೊಳೆಯಬೇಕು. ಸೋಡಿಯಮ್ ತುಂಬಿ ಗಟ್ಟಿಯಾದ ಕ್ಷಾರಭೂಮಿಗೆ ಜಿಪ್ಸಮ್ ಹಾಕಿ ನೀರು ಕಟ್ಟಿದರೆ, ಅದರೊಳಗಿನ ಸುಣ್ಣದ ಅಂಶವು ಸೋಡಿಯಮ್ಮನ್ನು ಹೊರದೂಡುವುದು. ಎಳೆಯ ಸಸಿಗೆ ಮೊದಲ ಒಂದೆರಡು ವರ್ಷ ಸಿಹಿನೀರನ್ನೇ ಎರೆಯುವುದು ಲೇಸು. ದೊಡ್ಡ ಮರವು ಸಹಿಸುವುದನ್ನು ಕೂಸು ಸಹಿಸಲಾರದು.

ನೆಲಕ್ಕೆ ಒಪ್ಪುವ ಮರವನ್ನು ನೆಡುವುದೇ ವಿವೇಕ. ನಮ್ಮ ಆಸೆಗೆ ಒಪ್ಪುವ ಮರವನ್ನು ನೆಟ್ಟು ನೆಲವನ್ನು ಹಳಿಯುವುದರಿಂದ ಫಲವಿಲ್ಲ.