ನಾಲ್ಕು ಚಿಕ್ಕ ಪಿಜ್ಜಾನಾ, ಎರಡು ದೊಡ್ಡದಾ?

ಮೂಡುಬಿದಿರೆ ಹತ್ತಿರದ ತೋಡಾರಿನ ಇಂಜಿನಿಯರಿಂಗ್ ಕಾಲೇಜು, ಸಂಜೆ ಹೊತ್ತು. ನಾಲ್ವರು ಗೆಳೆಯರು ಸೇರಿ ಪಿಜ್ಜಾ ತರಿಸ್ಬೇಕು ಅಂತಿದ್ದೀರಿ. ತಲೆಗೊಂದು ರೆಗ್ಯುಲರ್ ಅಂತ ಆರ್ಡರ್ ಒತ್ತೋ ಮೊದಲು ಸ್ವಲ್ಪ ನಿಲ್ಲಿ.

ದೊಡ್ಡ ಚೈನ್‌ಗಳಲ್ಲಿ ರೆಗ್ಯುಲರ್ ಅಂದ್ರೆ ಸಾಮಾನ್ಯವಾಗಿ 7 ಇಂಚು, ಮೀಡಿಯಂ 10 ಇಂಚು. ಮೂರೇ ಇಂಚು ಹೆಚ್ಚು ಅನ್ಸುತ್ತೆ, ಅಲ್ವಾ? ಆದ್ರೆ ಅದು ವ್ಯಾಸ. ನಾವು ತಿನ್ನೋದು ವಿಸ್ತೀರ್ಣ! 7 ಇಂಚಿನದ್ದು ಸುಮಾರು 38 ಚದರ ಇಂಚು, 10 ಇಂಚಿನದ್ದು 79. ಅಂದ್ರೆ ಒಂದು ಮೀಡಿಯಂ ಎರಡು ರೆಗ್ಯುಲರ್‌ಗಿಂತ ತುಸು ಹೆಚ್ಚೇ. ಹಾಗಾಗಿ ಮೀಡಿಯಂ ಬೆಲೆ ರೆಗ್ಯುಲರ್‌ನ ಎರಡರಷ್ಟಕ್ಕಿಂತ ಕಡಿಮೆ ಇದ್ರೆ, ಎರಡು ಮೀಡಿಯಂ ತಗೊಂಡು ನಾಲ್ವರು ಹಂಚಿಕೊಳ್ಳಿ. ಆಫರ್ ಇದ್ದಾಗಲೂ ಇದೇ ಲೆಕ್ಕ ಹಾಕಿ ನೋಡಿ.

ಮೂಡುಬಿದಿರೆ ಕಡೆ ಹೇಗೂ ಹೋಗೋದಿದ್ರೆ ಅಂಗಡಿಯಿಂದಲೇ ತನ್ನಿ. ಡೆಲಿವರಿ ಶುಲ್ಕ ಪೂರ್ತಿ ಉಳಿಯುತ್ತೆ.

ಕೂತು ತಿಂದ್ರೆ ಬಿಲ್ ಓದಿ. 5% ಜಿಎಸ್‌ಟಿ ಕೊಡಲೇಬೇಕು. ಸರ್ವೀಸ್ ಚಾರ್ಜ್ ಮಾತ್ರ ಕಡ್ಡಾಯ ಅಲ್ಲ. 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೀಗೆ ಹೇಳ್ತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನೇ ಎತ್ತಿಹಿಡೀತು. ತೆಗೀರಿ ಅಂತ ಧೈರ್ಯವಾಗಿ ಕೇಳಿ. ಒಪ್ಪದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.